ಮರದ ಪುಡಿಯ ಕೆಳಗಿನ ಕೆಂಡ

ಎರಡು ಕೊಡ ನೀರು ತರಲು ದೋಣಿ ಕಟ್ಟುವ ಮೇಸ್ತ್ರಿಯ ಹೆಂಡತಿಗೆ ಅರ್ಧ ದಿನ ಹಿಡಿಯಿತು. ಗುಡ್ಡದ ಒರತೆ ಈ ವರ್ಷ ಬೆರಳುಗಾತ್ರವೂ ಹರಿಯುತ್ತಿಲ್ಲ. ಅವರ ಪುಟ್ಟ ದ್ವೀಪಕ್ಕೆ ಕುಡಿಯುವ ನೀರೆಂದರೆ ಅದೊಂದೇ. ಸುತ್ತ ಇರುವುದೆಲ್ಲ ಉಪ್ಪುನೀರು.

ಮೇಸ್ತ್ರಿ ಕೆಲಸದಲ್ಲಿ ಗಟ್ಟಿಗ, ಹಠದಲ್ಲೂ ಅಷ್ಟೇ. ಕಾಡಿನಂಚಿನ ತನ್ನ ಶೆಡ್ಡಿನ ಹಿಂದೆ ಡಾಂಬರು ಕಾಯಿಸಿ ಹೊಸ ದೋಣಿಯ ಸಂದುಗಳಿಗೆ ಬಳಿದು ಮುಗಿಸಿದ. ಒಲೆಯ ಕೆಂಡದ ಮೇಲೆ ಎಂದಿನಂತೆ ಎರಡು ಬುಟ್ಟಿ ಮರದ ಪುಡಿ ಸುರಿದ. ಹೊಗೆ ನಿಂತಿತು. ಅವನ ಅಪ್ಪನೂ ಹೀಗೇ ಒಲೆ ಮುಚ್ಚುತ್ತಿದ್ದ.

ಹೆಂಡತಿ ಕೊಡಗಳನ್ನು ಅಲ್ಲೇ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಮೇಸ್ತ್ರಿಯ ಅಕ್ಕನ ಮಗಳು ಬಂದಳು. ಅವಳು ಅರಣ್ಯ ಇಲಾಖೆಯಲ್ಲಿ ಗಾರ್ಡು. ಕಂಕುಳಲ್ಲಿ ಒಂದು ನಕ್ಷೆ.

"ಮಾವ, ಹೋದ ಬೇಸಿಗೆ ಬೆಂಕೀಲಿ ನಮ್ಮ ಕಾಡು ನಾನ್ನೂರು ಎಕರೆ ಹೋಗಿದೆ."

"ಅಷ್ಟೇನಾ? ಆಚೆ ದೊಡ್ಡ ದ್ವೀಪದೋರದ್ದು ಎಂಟು ಸಾವಿರವಂತೆ, ರೇಡಿಯೋದಲ್ಲಿ ಹೇಳಿದ್ರು. ಅವರೇ ಸುಮ್ಮನಿದಾರೆ. ನಮ್ಮದು ಯಾವ ಮಹಾ."

"ಅವರ ಕಾಡು ಎಂಟು ಲಕ್ಷ ಎಕರೆ. ನೂರರಲ್ಲಿ ಒಂದು ಪಾಲು ಹೋಯ್ತು. ನಮ್ಮದು ಇದ್ದಿದ್ದೇ ಎರಡು ಸಾವಿರ. ಐದರಲ್ಲಿ ಒಂದು ಪಾಲು ಹೋಯ್ತು. ನೂರು ಹಲಗೇಲಿ ಒಂದು ಸುಟ್ಟರೂ ನೀವು ದೋಣಿ ಕಟ್ತೀರಿ. ಐದೇ ಹಲಗೆ ಇದ್ದು, ಒಂದು ಸುಟ್ಟರೆ?"

ಹುಡುಗಿ ನಕ್ಷೆ ಬಿಡಿಸಿ ಅವನ ಮುಂದಿಟ್ಟಳು.

"ಅವರು ಸುಮ್ಮನೂ ಕೂತಿಲ್ಲ. ಹತ್ತು ವರ್ಷದ ಹಿಂದೆ ಅಲ್ಲಿ ಇಪ್ಪತ್ತು ಸಾವಿರ ಎಕರೆ ಸುಟ್ಟಿತ್ತು, ಇಲ್ಲಿ ಬರೀ ಇಪ್ಪತ್ತು ಎಕರೆ. ಅವರದು ಇಳೀತಾ ಬಂತು, ನಮ್ಮದು ಏರ್ತಾ ಬಂತು."

"ಸುಟ್ಟಿದ್ದು ಮತ್ತೆ ಬೆಳೆಯಲ್ವೇನಮ್ಮ?" ಹೆಂಡತಿ ಕೇಳಿದಳು.

"ಉಳಿದದ್ದೂ ಹೀಗೇ ಸುಟ್ಟರೆ ಬೀಜ ಎಲ್ಲಿಂದ ಬರಬೇಕು ಅತ್ತೆ? ಪಕ್ಕದ ಕಾಡಿಂದ ಬರೋಕೆ ನಾಲ್ಕು ಕಡೆ ಸಮುದ್ರ. ಮರ ಇದ್ದರೆ ಮಳೆನೀರು ಗುಡ್ಡದೊಳಗೆ ಇಳಿದು ಒರತೆಗೆ ಬರುತ್ತೆ. ಬೋಳು ಗುಡ್ಡದಿಂದ ಸೀದಾ ಸಮುದ್ರಕ್ಕೆ. ಒರತೆ ನಿಂತರೆ ಊರನ್ನೇ ಬಿಟ್ಟು ಹೋಗಬೇಕು."

"ಈ ಕೆಂಪು ಚುಕ್ಕೆ ಏನು?" ಮೇಸ್ತ್ರಿ ಕೇಳಿದ.

"ಹೋದ ವರ್ಷದ ಬೆಂಕಿ ಹುಟ್ಟಿದ ಜಾಗ."

ಅವನು ನಕ್ಷೆಯ ಮೇಲೆ ಬೆರಳಾಡಿಸಿದ. ದಂಡೆ, ಶೆಡ್ಡು, ಶೆಡ್ಡಿನ ಹಿಂಬದಿ. ಬೆರಳು ಅಲ್ಲೇ ನಿಂತಿತು.

"ಅವತ್ತೂ ನಾನು ಒಲೆ ಮುಚ್ಚೇ ಮನೆಗೆ ಹೋಗಿದ್ದು," ಎಂದ.

ಹುಡುಗಿ ಕೋಲಿನಿಂದ ಮರದ ಪುಡಿ ಕೆದಕಿದಳು. ಕೆಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು. "ಹೊಗೆ ನಿಂತ್ರೆ ಬೆಂಕಿ ಆರಿದ ಹಾಗಲ್ಲ ಮಾವ. ಪುಡಿ ಒಳಗೊಳಗೇ ದಿನಗಟ್ಟಲೆ ಬೇಯುತ್ತೆ. ಗಾಳಿ ಎದ್ದರೆ ಮುಗೀತು."

ಮೇಸ್ತ್ರಿ ಹೆಂಡತಿಯ ಕೈ ನೋಡಿದ. ಹೋದ ವರ್ಷ ಬೆಂಕಿ ಬಿದ್ದ ದಿನ ಒದ್ದೆ ಗೋಣಿಚೀಲದಿಂದ ಬೆಂಕಿ ಬಡಿಯಲು ಹೋಗಿ ಮೊಣಕೈವರೆಗೆ ಸುಟ್ಟುಕೊಂಡಿದ್ದಳು. ಇವತ್ತಿಗೂ ಬೆರಳು ಪೂರ್ತಿ ಮಡಚಲು ಬಾರದು.

"ಬೆಂಕಿ ಹಚ್ಚಿದೋರು ಹಾಳಾಗಲಿ ಅಂತ ಒಂದು ವರ್ಷ ಕಂಡೋರಿಗೆಲ್ಲ ಶಾಪ ಹಾಕಿದೆನಲ್ಲೇ," ಎಂದ.

ಹೆಂಡತಿ ಒಂದು ಕೊಡ ಎತ್ತಿ ಇಡೀ ನೀರನ್ನು ಒಲೆಗೆ ಸುರಿದಳು. ಅವನು ಕೆದಕಿ, ಹಸಿಮಣ್ಣು ಕಲಸಿ, ಬಿಸಿ ಹೋಗುವವರೆಗೆ ಅಲ್ಲೇ ಕೂತ. ಆಮೇಲೆ ಖಾಲಿ ಕೊಡ ಹೆಗಲಿಗೇರಿಸಿಕೊಂಡು ತಾನೇ ಒರತೆಗೆ ಹೊರಟ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಾಡಿನ ಹತ್ತಿರ ಬೆಂಕಿ ಹಾಕಿದರೆ ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ. ಬೂದಿಯ ಮೇಲೆ ಅಂಗೈ ಹಿಡಿದು ನೋಡಿ. ಬಿಸಿ ತಾಕಿದರೆ ಮನೆಗೆ ಹೋಗಬೇಡಿ. ಪಕ್ಕದವರದು ಇನ್ನೂ ಹೆಚ್ಚು ಸುಟ್ಟಿತು ಎಂದು ಸಮಾಧಾನ ಪಡಬೇಡಿ. ನಿಮ್ಮ ಕಾಡು ಎಷ್ಟಿತ್ತು, ಈಗ ಎಷ್ಟು ಉಳಿದಿದೆ, ಅದನ್ನು ಕೇಳಿ.