ಸವಳು ನೀರಿನ ಮೀನು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಸಿರುಗುಪ್ಪದ ಪಿಕಪ್ ಗಾಡಿಯೊಂದು ಬಳ್ಳಾರಿ ಗಾಂಧಿನಗರದ ಕೊಟ್ಟೂರಪ್ಪನವರ ಮನೆ ಮುಂದೆ ನಿಂತಿತು. ಹಾಲ್‌ನಲ್ಲಿದ್ದ ಆರಡಿ ಉದ್ದದ ಅಕ್ವೇರಿಯಂ ಒಯ್ಯಲು ಅದು ಬಂದಿತ್ತು. ಗಾಜು ಒಡೆಯದಿರಲೆಂದು ಹಿಂದೆ ಎರಡು ಹಳೆ ಹಾಸಿಗೆ ಹಾಸಿದ್ದರು.

ಗಾಡಿಯಿಂದ ಇಳಿದವರು ಕೊಟ್ಟೂರಪ್ಪನವರ ತಮ್ಮ ಕರಿಬಸವ. ಸಿರುಗುಪ್ಪದಲ್ಲಿ ಅವರದು ಅಕ್ಕಿ ಮಿಲ್ಲು. ಆ ತೊಟ್ಟಿ ಮಿಲ್ಲಿನ ಆಫೀಸಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ಅಣ್ಣನ ಮನೆಯ ಗೃಹಪ್ರವೇಶದ ದಿನವೇ ಹೇಳಿದ್ದರು.

"ಎಲ್ಲೈತಮ್ಮ ಸತ್ತ ಮೀನು?"

"ಇನ್ನಾ ಸತ್ತಿಲ್ರಿ, ಸಣ್ಣ ಮಾವಾರ. ಸಾಯೋದೂ ಇಲ್ಲ," ಎಂದಳು ಸೊಸೆ ಸೌಂದರ್ಯ. "ಮೊದ್ಲು ಚಾ ಕುಡೀರಿ."

ಸೌಂದರ್ಯ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ತವರು ಕುರುಗೋಡು. ಹೊಸ ಮನೆಗೆ ಅವಳು ಕೇಳಿದ್ದು ಒಂದೇ, ಹಾಲ್‌ನ ಪೂರ್ವದ ಗೋಡೆಗೆ ದೊಡ್ಡದೊಂದು ಮೀನಿನ ತೊಟ್ಟಿ. ಮಾವ ಕೊಟ್ಟೂರಪ್ಪ ಒಪ್ಪಿದ್ದರು. ಲಿಂಗಾಯತರ ಮನೆಯಲ್ಲಿ ಮೀನು ಎಂದು ನೆಂಟರು ನಕ್ಕಾಗ, "ನೋಡಾಕ ತಂದೀವಿ, ಸಾರು ಮಾಡಾಕಲ್ಲ," ಎಂದು ಅವರೇ ಬಾಯಿ ಮುಚ್ಚಿಸಿದ್ದರು.

ತಪ್ಪು ಆಗಿದ್ದು ನೀರಿನಲ್ಲಿ. ಅದೂ ಪ್ರೀತಿಯಿಂದಲೇ ಆಗಿದ್ದು. ಮನೆಯ ಬೋರ್‌ವೆಲ್ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಕೊಡದ ಕಂಠಕ್ಕೆ ಸುಣ್ಣದಂತೆ ಬಿಳಿ ಕಟ್ಟುತ್ತದೆ. "ನಾವು ಕುಡೀದ ನೀರು ಮೀನಿಗ್ಯಾಕ ಹಾಕ್ಬೇಕು? ಅವೂ ಜೀವ ಅಲ್ಲೇನು?" ಎಂದ ಕೊಟ್ಟೂರಪ್ಪ, ಫಿಲ್ಟರ್ ನೀರಿನ ಕ್ಯಾನ್ ತರಿಸಿ ತರಿಸಿ ತೊಟ್ಟಿ ತುಂಬಿಸಿದ್ದರು. ಸೌಂದರ್ಯಳ ಗಂಡ ಶಶಿಕಾಂತ್ ಅಂಗಡಿಯಲ್ಲಿ ಬಣ್ಣ ನೋಡಿ ಆಫ್ರಿಕಾದ ಸಿಕ್ಲಿಡ್ ಮೀನು ತಂದಿದ್ದ. ಒಂದು ವಾರದಲ್ಲಿ ಒಂದೂ ಉಳಿಯಲಿಲ್ಲ.

ಅತ್ತೆ ಹೊನ್ನೂರಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ಕೊಟ್ಟೂರಪ್ಪ ಸೊಸೆಗೆ ಷರತ್ತು ಹಾಕಿದರು: "ಇನ್ನೊಂದ್ ಸಲ ನೋಡು. ಮತ್ತ ಒಂದ್ ಮೀನು ಸತ್ರೂ ತೊಟ್ಟಿ ಸಿರುಗುಪ್ಪಕ್ಕ ಹೋಗ್ತೈತಿ. ಮನ್ಯಾಗ ಸಾವು ಬ್ಯಾಡ."

ಸೌಂದರ್ಯ ಆ ಮೇಲೆ ಮಾಡಿದ ಮೊದಲ ಕೆಲಸ, ಮೊದಲೇ ಮಾಡಬೇಕಾಗಿದ್ದ ಕೆಲಸ. ಕ್ಯಾನ್ ನೀರನ್ನು ಪರೀಕ್ಷಿಸಿದಳು. ನೀರಿನ ಗಡಸುತನ ನೋಡುವ ದ್ರಾವಣ ಒಂದು ಹನಿ ಬಿದ್ದೊಡನೆ ಬಣ್ಣ ಬದಲಾಯಿತು. ಅಂದರೆ ಅದರಲ್ಲಿ ಖನಿಜಾಂಶ ಇಲ್ಲವೆಂದೇ ಲೆಕ್ಕ. ಬೋರ್ ನೀರಿಗೆ ಹನಿಯ ಮೇಲೆ ಹನಿ ಹಾಕಿದಳು. ಇಪ್ಪತ್ತರ ಹತ್ತಿರ ಬಂದ ಮೇಲೆ ಕೆಂಪು ಹೋಗಿ ಹಸಿರು ಬಂತು, ಅಷ್ಟು ಗಡಸು. ಆಫ್ರಿಕಾದ ಮಾಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಬೇಕಾದದ್ದು ಗಡಸು ನೀರು. ಮನೆಯವರು ಬೈಯುತ್ತಿದ್ದ ನೀರೇ ಅವುಗಳಿಗೆ ಬೇಕಿತ್ತು.

ಮೀನಿನ ಆಯ್ಕೆಗೆ ವಾದ ನಡೆಯಿತು. ಶಶಿಕಾಂತ್‌ಗೆ ಆಸ್ಕರ್ ಬೇಕಿತ್ತು. ಅದೂ ಸಿಕ್ಲಿಡ್ ಜಾತಿಯದೇ, ಒಂದಡಿ ಬೆಳೆಯುತ್ತದೆ, ಕರೆದರೆ ಗಾಜಿನ ಹತ್ತಿರ ಬರುತ್ತದೆ.

"ಏನು ತಿಂತೈತಿ ಅದು?" ಹೊನ್ನೂರಮ್ಮ ಕೇಳಿದರು.

"ಕಾಳು ತಿಂತೈತಿ... ಸಣ್ಣ ಮೀನು ಸಿಕ್ರ ಅದನ್ನೂ ತಿಂತೈತಿ."

"ಹಂಗಾದ್ರ ಅದಕ್ಕೂ ನಿನಗೂ ಬ್ಯಾರೆ ಮನಿ ನೋಡ್ಕೋ."

ಸೌಂದರ್ಯ ಆರಿಸಿದ್ದು ಮಾಲಾವಿಯದೇ ಸಿಕ್ಲಿಡ್, ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುವ ರೆಡ್ ಜೀಬ್ರಾ. ಹೆಸರಿಗೆ ಕೆಂಪು, ಮೈಬಣ್ಣ ಕಿತ್ತಳೆ. "ಪೂರಾ ಸಸ್ಯಾಹಾರಿ ಅಲ್ರಿ ಅತ್ತಿ, ಪಾಚಿ ಒಳಗಿನ ಸಣ್ಣ ಹುಳಾನೂ ಹೊಟ್ಟಿಗೆ ಹೋಗ್ತಾವ," ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು.

"ನಮ್ಮ ನಳದ ನೀರಾಗ ಹುಳ ಇರಂಗಿಲ್ಲೇನು? ತರ್ರಿ," ಎಂದರು ಹೊನ್ನೂರಮ್ಮ.

ಮೀನಂಗಡಿಯ ಭೀಮರಾಜ ಒಂದು ಎಚ್ಚರಿಕೆ ಕೊಟ್ಟ. "ಇವು ಜಗಳಗಂಟವು ಮೇಡಂ. ಎರಡು ಮೂರು ಒಯ್ಯಬ್ಯಾಡ್ರಿ. ಮೂರೇ ಮಂದಿ ಇರೋ ಓಣ್ಯಾಗ ರೌಡಿ ದಿನಾ ಒಬ್ಬನಿಗೇ ಬಡೀತಾನ. ಸಂತ್ಯಾಗ ಯಾರಿಗಂತ ಬಡೀತಾನ?" ಅವಳು ಹದಿನೈದು ಒಯ್ದಳು. ಗಂಡು ಕಡಿಮೆ, ಹೆಣ್ಣು ಹೆಚ್ಚು.

ಅದಕ್ಕೆ ಮೊದಲು ತೊಟ್ಟಿಯ ಫಿಲ್ಟರ್ ಓಡಿಸಿ, ಮೀನಿಲ್ಲದೆ ಬರೀ ಬೋರ್ ನೀರನ್ನು ಒಂದು ತಿಂಗಳು ಹದಕ್ಕೆ ಬಿಟ್ಟಿದ್ದಳು. ಮೀನು ಅಡಗಲು ಸಂದುಗಳು ಬೇಕೆಂದು ಕುರುಗೋಡಿನ ಅಣ್ಣನ ಹೊಲದ ಬದುವಿನಿಂದ ಕಾರಿನ ಡಿಕ್ಕಿ ತುಂಬ ಕಲ್ಲು ತಂದಿದ್ದಳು.

"ಮಂದಿ ತವರಿಂದ ಸೀರಿ ತರ್ತಾರ. ನಮ್ಮ ಸೊಸಿ ಕಲ್ಲು ತಂದಾಳ," ಎಂದು ಹೊನ್ನೂರಮ್ಮ ಓಣಿಗೆಲ್ಲ ಸಾರಿದರು. ಪಾಲಕ್ ಬಿಡಿಸುವಾಗ ಮಾತ್ರ ಎಳೆಯ ಎಲೆ ತೆಗೆದಿಟ್ಟು, ಕುದಿಸಿ, ತಾವೇ ತೊಟ್ಟಿಗೆ ಹಾಕತೊಡಗಿದರು.

ಮೀನು ಬದುಕಿದವು. ಬಣ್ಣ ಗಾಢವಾಯಿತು. ಕೊಟ್ಟೂರಪ್ಪ ಪೇಪರ್ ಓದುವ ಕುರ್ಚಿಯನ್ನು ತೊಟ್ಟಿಯ ಕಡೆ ತಿರುಗಿಸಿಕೊಂಡರು.

ಆಮೇಲೆ ಒಂದು ಹೆಣ್ಣು ಮೀನು ಊಟ ಬಿಟ್ಟಿತು. ಗದ್ದ ಊದಿತು. ಕಲ್ಲಿನ ಸಂದಿನಲ್ಲಿ ನಿಂತದ್ದು ಹೊರಗೆ ಬರಲಿಲ್ಲ. ಅದರ ಬಾಯಲ್ಲಿ ಮೊಟ್ಟೆ ಇದೆ, ಮರಿಯಾಗುವ ತನಕ ಅದು ತಿನ್ನುವುದಿಲ್ಲ ಎಂದು ಸೌಂದರ್ಯ ಹೇಳಿದಳು. ಕೊಟ್ಟೂರಪ್ಪ ನಂಬಲಿಲ್ಲ. ಮೊದಲ ಸಲದ ಮೀನುಗಳೂ ಹೀಗೇ ಮೂಲೆ ಹಿಡಿದು ಸತ್ತಿದ್ದನ್ನು ಅವರು ಕಂಡಿದ್ದರು. ಅದು ಮನೆಯಲ್ಲಿ ಸಾಯುವ ಮೊದಲೇ ಎಲ್ಲವನ್ನೂ ಕಳಿಸಿಬಿಡುವುದು ಎಂದು ತಮ್ಮನಿಗೆ ಫೋನ್ ಮಾಡಿದರು.

ಗಾಡಿ ಬಂದದ್ದು ಹೀಗೆ.

ಕರಿಬಸವ ಚಹಾ ಮುಗಿಸಿ ಗಾಜಿಗೆ ಮುಖ ಹಚ್ಚಿದರು. "ಬಾಯಾಗ ಮರಿ ಅಂತೀ. ಮೀನು ಬಾಯಾಗ ಹಡೀತೈತೇನಮ್ಮ?"

"ಹಡೆಯಂಗಿಲ್ರಿ. ಇಟ್ಕೊಂಡು ಸಾಕ್ತೈತಿ."

"ಅಮಾಸಿಗೆ ಬಾಯಿ ಮುಚ್ಚೈತಿ ಅದು," ಎಂದರು ಹೊನ್ನೂರಮ್ಮ. "ಹುಣ್ಣಿಮಿ ಆಗಿ ವಾರ ಆತು. ಇಷ್ಟು ದಿನ ಯಾವ ರೋಗದ ಮೀನು ಬದುಕ್ತೈತಿ?"

"ಹಂಗಾದ್ರ ತೋರಿಸು," ಎಂದರು ಕೊಟ್ಟೂರಪ್ಪ ಸೊಸೆಗೆ.

ತೋರಿಸುವ ದಾರಿ ಒಂದಿತ್ತು, ಮೀನಿನ ಬಾಯಿ ತೆರೆಸಿ ಮರಿ ಹೊರಗೆ ಬೀಳಿಸುವುದು. ಮೀನು ಸಾಕುವವರು ಅದನ್ನು ಮಾಡುತ್ತಾರೆ. ಸೌಂದರ್ಯ ವಿಡಿಯೋದಲ್ಲಿ ಹಲವು ಸಲ ನೋಡಿದ್ದಳು, ಕೈಯಿಂದ ಮಾಡಿರಲಿಲ್ಲ. ಹಿಡಿತ ಬಿಗಿಯಾದರೆ ಮೀನು ಸಾಯುತ್ತದೆ. ಸತ್ತರೆ ಮಾವನ ಮಾತಿನಂತೆ ತೊಟ್ಟಿಯೂ ಹೋಗುತ್ತದೆ.

ಅವಳು ಸ್ಟೀಲ್ ಬೇಸಿನ್‌ಗೆ ತೊಟ್ಟಿಯದೇ ನೀರು ತುಂಬಿದಳು. ಶಶಿಕಾಂತ್ ಕಲ್ಲು ಸರಿಸಿದ, ಅವಳು ಬಲೆಯಿಂದ ಮೀನು ಹಿಡಿದಳು. ಒದ್ದೆ ಅಂಗೈಯಲ್ಲಿ ಅದನ್ನು ಮಲಗಿಸಿ, ತಲೆ ಕೆಳಗೆ ಮಾಡಿ, ಬಾಯಿ ನೀರಿನಲ್ಲಿ ಮುಳುಗುವಂತೆ ಹಿಡಿದಳು. ಮೊಂಡು ತುದಿಯ ಪ್ಲಾಸ್ಟಿಕ್ ಕಡ್ಡಿಯಿಂದ ಕೆಳದವಡೆಯನ್ನು ಮೆಲ್ಲಗೆ ಒತ್ತಿದಳು.

ಏನೂ ಬರಲಿಲ್ಲ. ಮೀನು ಒಮ್ಮೆ ಕೊಸರಿತು.

"ಬಿಡಮ್ಮ, ಸಾಯ್ತೈತಿ," ಎಂದರು ಕರಿಬಸವ.

ಅವಳು ಬಿಡಲಿಲ್ಲ. ಇನ್ನೊಮ್ಮೆ ಒತ್ತಿದಳು. ಒಂದು ಮರಿ ಹೊರಬಿತ್ತು. ಸಾಸಿವೆಯಂಥ ಕಣ್ಣು, ಅಕ್ಕಿಕಾಳಿನಷ್ಟು ಮೈ. ಬೇಸಿನ್ನಿನ ತಳಕ್ಕೆ ಹೋಗಿ ಈಜಿತು. ಹಿಂದೆಯೇ ಇನ್ನೊಂದು ಬಂತು, ಆಮೇಲೆ ನಾಲ್ಕೈದು ಒಟ್ಟಿಗೆ ಸುರಿದವು.

"ಯವ್ವಾ!" ಎಂದರು ಹೊನ್ನೂರಮ್ಮ. "ಅಲ್ನೋಡು, ಇನ್ನಾ ಬರ್ತಾವ! ಏನು ಗಟ್ಟಿಗಿತ್ತಿ ಇದು!"

ಶಶಿಕಾಂತ್ ಇಪ್ಪತ್ತೆರಡರವರೆಗೆ ಎಣಿಸಿ ಲೆಕ್ಕ ತಪ್ಪಿದ. ಸೌಂದರ್ಯ ತಾಯಿ ಮೀನನ್ನು ತೊಟ್ಟಿಗೆ ಬಿಟ್ಟಳು. ಅದು ಸ್ವಲ್ಪ ಹೊತ್ತು ತಳದಲ್ಲಿ ನಿಂತಿತು. ಬಳಿಕ ಕುರುಗೋಡಿನ ಕಲ್ಲೊಂದರ ಹತ್ತಿರ ಹೋಗಿ ಪಾಚಿ ಕೆರೆಯತೊಡಗಿತು. ಹೊನ್ನೂರಮ್ಮ ಅಡುಗೆಮನೆಗೆ ಓಡಿ ಪಾಲಕ್ ತಂದರು.

ಕೊಟ್ಟೂರಪ್ಪ ಬೇಸಿನ್ ಪಕ್ಕ ಕುಕ್ಕರಗಾಲಲ್ಲಿ ಕುಳಿತೇ ಇದ್ದರು. "ಲೇ ಕರಿಬಸು," ಎಂದರು ತಲೆ ಎತ್ತದೆ, "ಆ ಗಾಡಿ ಗೇಟಿಗೆ ಅಡ್ಡ ನಿಂತೈತಿ, ತೆಗಿ."

"ತೆಗೀತೀನಿ ಅಣ್ಣಾ. ಖಾಲಿ ಕೈಲೆ ಕಳಿಸ್ತಿಯೇನು?"

"ನಿನ್ನ ಹಾಸಿಗಿ ನೀನು ಒಯ್ಯಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ಕರಿಬಸವ. ಮರಿ ದೊಡ್ಡವಾಗಲಿ, ಸಣ್ಣದೊಂದು ತೊಟ್ಟಿ ಮಾಡಿಸಿಕೊಳ್ಳಿ, ಕೊಡುತ್ತೇನೆ ಎಂದು ಸೌಂದರ್ಯ ಹೇಳಿದಳು. ಆದರೆ ಮೊದಲು ಅಲ್ಲಿನ ನೀರು ನೋಡಬೇಕು.

ಮಂಗಳವಾರ ಸಿರುಗುಪ್ಪದ ಬಸ್ಸಿನಲ್ಲಿ ಒಂದು ಲೀಟರ್ ಬಾಟಲಿ ಬಂತು. ಅದರಲ್ಲಿ ಮಿಲ್ಲಿನ ಬೋರ್ ನೀರಿತ್ತು.