ಮೂರನೇ ಮಾಳಿಗೆಯ ಚಾವಿ

"ಆ ಕುರ್ಚಿ ಬಿಟ್ಟು ಏಳವಾ. ಮಂದಿ ಬರೂದದ."

ಐದು ನಿಮಿಷದ ಹಿಂದೆ 'ಕುಂದ್ರಿ ಸಿಸ್ಟರ್, ಕುಂದ್ರಿ' ಎಂದು ಅದೇ ಕುರ್ಚಿಯನ್ನು ಒರೆಸಿ ಮುಂದಿಟ್ಟವನೂ ಮನೆಯ ಮಾಲೀಕ ಮಲ್ಲಿಕಾರ್ಜುನಪ್ಪನೇ. ನಡುವೆ ಆದದ್ದು ಇಷ್ಟು. ಊರು ಯಾವುದು ಎಂದ, ಪ್ರಣಿತಾ ಡಾಬಕಾ ಎಂದಳು. ಡಾಬಕಾದಲ್ಲಿ ಯಾವ ಓಣಿ ಎಂದ. ಬಸ್ಸಿನಲ್ಲಿ ತಾಯಿ ಶಾಲುಬಾಯಿ ದಾರಿಯುದ್ದಕ್ಕೂ ಕಲಿಸಿದ್ದಳು, ಓಣಿ ಕೇಳಿದರೆ ಬಸ್‌ಸ್ಟ್ಯಾಂಡ್ ಹಿಂದೆ ಅನ್ನು, ಅದೇನು ಸುಳ್ಳಲ್ಲ ಅಂತ. ಹುಡುಗಿ ನೆಟ್ಟಗೆ ನೋಡಿ "ಭೀಮನಗರ್ರಿ" ಅಂದುಬಿಟ್ಟಳು. ಓಣಿಯ ಹೆಸರಲ್ಲೇ ಜಾತಿ ಇತ್ತು.

ಪ್ರಣಿತಾಗೆ ಬೀದರದ ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕು ಎರಡು ತಿಂಗಳು. ಊರಿನ ಮೊದಲ ಬಸ್ಸು ಹಿಡಿದರೂ ಮುಂಜಾನೆಯ ಡ್ಯೂಟಿಗೆ ತಡ. ಮೂರು ಸಲ ಮಾಫಿ, ನಾಲ್ಕನೆಯ ಸಲ ಮನೆಗೇ ಹೋಗು ಎಂದು ದೊಡ್ಡ ಸಿಸ್ಟರ್ ಹೇಳಿಯಾಗಿತ್ತು. ಮೂರೂ ಮುಗಿದಿದ್ದವು. ಇದು ಬಾಡಿಗೆಗೆ ನೋಡಿದ ಏಳನೆಯ ಮನೆ.

ಚೌಬಾರಾ ಗೋಪುರದ ಹಿಂದಿನ ಈ ಓಣಿಗೆ ಈಗ ಏನು ಗತ್ತು ಅಂತೀರಿ! ಹಿಂದೆ ಹೊತ್ತು ಮುಳುಗಿದರೆ ನಾಯಿಯೂ ಹಾಯುತ್ತಿರಲಿಲ್ಲ. ಈಗ ಕಲ್ಲು ಹಾಸಿದ್ದಾರೆ, ಹಳದಿ ದೀಪ ಹಾಕಿದ್ದಾರೆ, ಬಿದ್ದ ಕಮಾನಿಗೆ ಗಚ್ಚು ಮೆತ್ತಿ ಕಾಫಿ ಅಂಗಡಿ ತೆರೆದಿದ್ದಾರೆ. ಹೈದರಾಬಾದಿನ ಹುಡುಗರು ಗೋಡೆಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಗಚ್ಚು ಹೊತ್ತವಳು ಶಾಲುಬಾಯಿ, ಮೆತ್ತಿದವನು ಅವಳ ಗಂಡ ಕಾಶೀರಾಮ. ಅವನೀಗ ಭಾಲ್ಕಿಯಲ್ಲಿ ಇನ್ಯಾರದೋ ಮನೆ ಎತ್ತುತ್ತಿದ್ದಾನೆ.

ಈ ಮನೆಯನ್ನಂತೂ ಬುಡದಿಂದ ಎತ್ತಿದ್ದೇ ಅವರು. ಕಟ್ಟುವಷ್ಟು ಕಾಲ, ಹನ್ನೊಂದು ತಿಂಗಳು, ಇದರಲ್ಲೇ ಒಲೆ ಹೂಡಿಕೊಂಡು ಇದ್ದರು. ದಿನಾ ಮುಂಜಾನೆ ಮಲ್ಲಿಕಾರ್ಜುನಪ್ಪ ಸಿಮೆಂಟ್ ಕೋಣೆಯ ಚಾವಿಯನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುವನು, ಶಾಲುಬಾಯಿ ಬಗ್ಗಿ ಎತ್ತಿಕೊಳ್ಳುವಳು. ಸಂಜೆ ಅವಳು ನೆಲಕ್ಕಿಟ್ಟರೆ ಅವನು ನೀರು ಚಿಮುಕಿಸಿ ಎತ್ತಿಕೊಳ್ಳುವನು. ಒಂದು ದಿನವೂ ಅವಳ ಮುಖ ನೋಡಿದವನಲ್ಲ. ಹಾಗಾಗಿ ಇವತ್ತು ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು ಬಂದವಳ ಗುರುತು ಹತ್ತಲಿಲ್ಲ. ಮಗಳ ದವಾಖಾನೆ ಕೋಟು ಕಂಡದ್ದೇ ಮೂರನೇ ಮಾಳಿಗೆಯ ಚಾವಿಯನ್ನು ತಾಯಿಯ ಅಂಗೈಗೇ ಕೊಟ್ಟು, ನೋಡಿಕೊಂಡು ಬನ್ನಿ ಎಂದು ಕಳಿಸಿದ್ದ. ಅಂಗೈಗೆ! ಶಾಲುಬಾಯಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮೇಲೆ ಹೋಗಿ ನೋಡಿದ್ದೂ ಆಯಿತು, ಇಳಿಯುವಾಗ ಬೀಗ ಹಾಕಿ ಚಾವಿಯನ್ನು ಅವಳೇ ಹಿಡಿದುಕೊಂಡಿದ್ದಳು.

"ಚಾವಿ ಅಲ್ಲಿಡ್ರಿ," ಎಂದು ಮಲ್ಲಿಕಾರ್ಜುನಪ್ಪ ಮೆಟ್ಟಿಲು ತೋರಿಸಿದ.

"ಯಾಕ್ರಿ ಸಾವಕಾರ್ರ? ಮನಿ ನಮಗ ಪಸಂದ ಅದ."

"ನಾ ಜಾತಿಗೀತಿ ನೋಡೂ ಮನುಷ್ಯ ಅಲ್ಲವಾ. ಖರೆ, ಮನ್ಯಾಗ ದೇವರ ಕೋಣಿ ಅದ. ನಿಮ್ದು ತಿನ್ನೂದು ಉಣ್ಣೂದು..."

"ದೇವರ ಕೋಣಿ ಎಲ್ಲದ್ರಿ? ಈಶಾನ್ಯ ಮೂಲ್ಯಾಗೇನು?"

"ಮತ್ತೆಲ್ಲಿರ್ತದ?"

ಶಾಲುಬಾಯಿಗೆ ನಗು ತಡೆಯಲಾಗಲಿಲ್ಲ. "ಅಲ್ಲಿ ನನ್ನ ಒಲಿ ಇತ್ರಿ! ಗಾಳಿ ಹೊಡಿಯಂಗಿಲ್ಲಂತ ಅಲ್ಲೇ ಹೂಡಿದ್ದೆ. ಐತಾರಕ್ಕೊಮ್ಮಿ ಬೋಟಿ ಕುದಸ್ತಿದ್ದೆ. ನಿಮ್ಮ ದೇವರು ಕುಂತ ಕಲ್ಲಿನ ಬುಡಕ ನನ್ನ ಬೂದೀನೇ ಅದ."

ಆಗ ಗುರುತು ಹತ್ತಿತು. "ಕಾಶ್ಯಾನ ಹೇಣ್ತಿ ಏನ ನೀ? ಬದ್ಮಾಷ್ ರಂಡಿ, ಬಿಳಿ ಸೀರಿ ಉಟ್ಟು ನಾಟಕ ಮಾಡ್ಲಾಕ ಬಂದೀ? ಇಡು ಚಾವಿ ಕೆಳಗ!"

ಕಾಫಿ ಅಂಗಡಿಯವರೆಲ್ಲ ತಿರುಗಿ ನೋಡಿದರು. ಶಾಲುಬಾಯಿಯ ಬೆನ್ನು ಹಳೆಯ ರೂಢಿಯಂತೆ ತಾನೇ ಬಾಗಿತು. ಚಾವಿ ಇನ್ನೇನು ಮೆಟ್ಟಿಲು ಮುಟ್ಟಬೇಕು, ಅವಳಿಗೆ ತನ್ನ ಬೆನ್ನಿನ ಮೇಲೇ ಸಿಟ್ಟು ಬಂತು. ನೆಟ್ಟಗೆ ನಿಂತು ಕೈ ಮುಂದೆ ಚಾಚಿದಳು.

"ತಗೋರಿ. ನಿಮ್ಮದೇ ಚಾವಿ. ಕೈಯಾಗಿಂದ ತಗೋರಿ."

ಮಲ್ಲಿಕಾರ್ಜುನಪ್ಪ ಹಿಂದೆ ಸರಿದ. ಲೆಕ್ಕ ಹಾಕಿದಂತೆ ಎರಡೇ ಹೆಜ್ಜೆ. ಎದುರಿನ ಚಹಾ ಗಾಡಿಯ ಕಡೆ ಕೂಗಿದ: "ಏ ಉಸ್ಮಾನ, ಆಕಿ ಕೈಯಾಗಿನ ಚಾವಿ ಕಸಗೋ!"

"ನನ್ನ ಕೈ ಹಾಲಿನ್ಯಾಗ ಅವರಿ ಸಾವಕಾರ್ರ," ಅಂದ ಉಸ್ಮಾನ ಮಿಯಾ. ಅವನ ಕೈಯಲ್ಲಿದ್ದದ್ದು ಒರೆಸುವ ಅರಿವೆ.

"ಪೊಲೀಸರಿಗಿ ಫೋನ್ ಹಚ್ತೀನಿ!"

"ಹಚ್ರಿ. ಕೊಡ್ಲಾಕ ಬಂದ್ರ ಯಾಕ ಇಸಗೊಳ್ಳಲಿಲ್ಲ ಅಂತ ಕೇಳ್ತಾರ. ಆಗ ಬಾಯಿ ಬಿಟ್ಟು ಹೇಳ್ರಿ, ಯಾಕಂತ."

"ಆಯೀ, ನಡಿ ಹೋಗಾಮು," ಎಂದು ಪ್ರಣಿತಾ ತೋಳು ಹಿಡಿದಳು.

"ಎಲ್ಲಿಗಿ? ನಾಳಿ ಮುಂಜಾನಿ ನಿನ್ನ ಡ್ಯೂಟಿ ಅದ." ಶಾಲುಬಾಯಿ ಚಾವಿಯನ್ನು ಸೊಂಟಕ್ಕೆ ಸಿಗಿಸಿಕೊಂಡಳು. "ಉಸ್ಮಾನ ಭಾಯಿ, ಎರಡ ಚಾ ಮ್ಯಾಲ ಕಳಸ್ರಿ!"

ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಮೂರು ಮಾಳಿಗೆ ಹತ್ತುವ ತನಕ ಇಬ್ಬರೂ ಕೈ ಬಿಡಲಿಲ್ಲ. ಮೇಲೆ ಬಾಗಿಲು ತೆಗೆದು ಒಳಗಿನಿಂದ ಚಿಲಕ ಹಾಕಿದರು. ಶಾಲುಬಾಯಿ ಕಿಟಕಿ ತೆರೆದಳು.

ಕೆಳಗೆ ಮಲ್ಲಿಕಾರ್ಜುನಪ್ಪ ಅಂಗಳದ ನೀರಿನ ತೊಟ್ಟಿಯತ್ತ ಕೈ ತೋರಿಸಿ ಒಳಮನೆಗೆ ಕೇಳುವಂತೆ ಒದರುತ್ತಿದ್ದ: "ಹೌದಿನ ನೀರು ಕೊಡದಾಗ ತುಂಬ್ಕೊಂಡ ಬರ್ರಿ, ದೇವರ ಕೋಣಿ ತೊಳೀಬೇಕು!"

ಶಾಲುಬಾಯಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

"ಸಾವಕಾರ್ರ! ಆ ಹೌದಿನ್ಯಾಗ ಬರಿಗಾಲಲೆ ಇಳದು ಸಿಮೆಂಟಿನ ಗಿಲಾವು ಮಾಡಿದಾಕೀನೂ ನಾನೇರಿ!"

ಕೊಡ ನೆಲಕ್ಕಿಟ್ಟ ಸಪ್ಪಳ ಮೇಲಿನ ತನಕ ಕೇಳಿಸಿತು.