ಕೆಟಲಿನೊಳಗೆ ನಿಂತವನು

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಬೀದಿಯವರೆಲ್ಲ ಹೇಳ್ತಾರೆ. ಹೇಳಲಿ ಬಿಡಿ. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳಿಗೆ ಕೋಪ ಬರದೆ ಇನ್ನೇನು ಬರುತ್ತೆ? ಮುಂದಿನ ಕೋಣೆಯಲ್ಲಿ ನನ್ನ ಮಿಷನ್ನು, ಹಿಂದಿನ ಕೋಣೆಯಲ್ಲಿ ತಂಗಿಯ ಪೆನ್ಸಿಲ್ಲು. ಮನೆಯಲ್ಲಿ ನಾವಿಬ್ಬರೇ.

ಆ ವರ್ಷ ತಂಗಿಗೆ ಪಾತ್ರೆ ಕಂಪನಿಯೊಂದರಿಂದ ಕ್ಯಾಲೆಂಡರಿನ ಕೆಲಸ ಬಂತು. ಹನ್ನೆರಡು ತಿಂಗಳಿಗೆ ಹನ್ನೆರಡು ಸ್ಟೀಲ್ ಪಾತ್ರೆ, ಬರೀ ಪೆನ್ಸಿಲ್ಲಿನಲ್ಲಿ. ಫೋಟೋ ಬೇಡವೇ ಬೇಡ ಅಂತ ಮಾಲೀಕರ ಹಠ.

"ಈ ಬೂದು ಸೀಸದಲ್ಲಿ ಹೊಳಪು ಹೇಗೆ ಬರೀತೀಯೇ?" ಅಂತ ಕೇಳಿದ್ದೆ.

"ಹೊಳಪನ್ನ ಬರೆಯೋದಲ್ಲ ಅಕ್ಕ, ಬಿಡೋದು. ಕಾಗದ ಮುಟ್ಟದೆ ಬಿಟ್ಟ ಕಡೆ ತಾನಾಗೇ ಹೊಳೆಯುತ್ತೆ. ಸುತ್ತ ಕಪ್ಪು ಗಟ್ಟಿಯಾಗಿರಬೇಕು, ಅಷ್ಟೆ."

ಅವಳದು ಇನ್ನೊಂದು ನೇಮ ಇತ್ತು. ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಲ್ಲೇ ಪಾತ್ರೆ ನೋಡೋದು. ಹೊಳೆಯೋ ವಸ್ತುವಿನಲ್ಲಿ ಒಂದೊಂದು ಕಣ್ಣಿಗೆ ಪ್ರತಿಬಿಂಬ ಒಂದೊಂದು ಜಾಗದಲ್ಲಿ ಕಾಣುತ್ತಂತೆ, ಎರಡನ್ನೂ ನಂಬಿದರೆ ಚಿತ್ರ ಕಲಸಿಹೋಗುತ್ತಂತೆ. ಮತ್ತೆ, ಗೊತ್ತಿರೋದನ್ನ ಬರೆಯಬಾರದು, ಕಾಣೋದನ್ನೇ ಬರೆಯಬೇಕು. ಇದನ್ನ ದಿನಕ್ಕೆ ಹತ್ತು ಸಲ ಹೇಳಿ ನನ್ನ ತಲೆ ತಿನ್ನುತ್ತಿದ್ದಳು.

ಮೊದಲು ಬರೆದದ್ದು ದೊಡ್ಡ ಸೌಟು. ಏನು ಚೆನ್ನಾಗಿತ್ತು ಅಂತೀರಿ! ಸೌಟಿನ ಬೆನ್ನಲ್ಲಿ ಕಿಟಕಿ, ಮೇಜು, ಬೆರಳುದ್ದದ ತಂಗಿ, ಎಲ್ಲ ಇದ್ದವು. ಆದರೆ ಅವಳ ಹಿಂದೆ, ಬಾಗಿಲ ಹತ್ತಿರ, ಉದ್ದಿನಕಾಳಿನಷ್ಟು ಬೂದು ಕಲೆ.

"ಇದೇನೇ ಇದು?"

"ಗೊತ್ತಿಲ್ಲ. ಕಂಡಿತು, ಬರೆದೆ."

ಮಾರನೇ ದಿನವೇ ಚಿತ್ರ ಕಳಿಸಬೇಕಿತ್ತು. ಅವಳು ಮಧ್ಯಾಹ್ನ ಒಂದು ಗಳಿಗೆ ಮಲಗಿದಾಗ ನಾನೇ ರಬ್ಬರ್ ತಗೊಂಡು ಕಲೆ ಅಳಿಸಿದೆ. ತಪ್ಪು ಹೊಲಿಗೆ ಬಿಚ್ಚಿ ಗುರುತೇ ಸಿಗದ ಹಾಗೆ ಮಾಡೋ ಕೈ ನನ್ನದು, ಇದ್ಯಾವ ಮಹಾ? ಜಗ್ಗಿನ ಚಿತ್ರದಲ್ಲೂ ಹಾಗೇ ಮಾಡಿದೆ, ಬಾಣಲೆಯ ಚಿತ್ರದಲ್ಲೂ. ಅಳಿಸಿ, ಸುತ್ತಿ, ನಾನೇ ಅಂಚೆಗೆ ಹಾಕಿ ಬಂದೆ.

ನಾಲ್ಕನೇ ಚಿತ್ರಕ್ಕೆ ಕಲೆ ಹೆಬ್ಬೆರಳಿನಷ್ಟಾಗಿತ್ತು; ಅಳಿಸಿದರೆ ಗುರುತು ಉಳಿಯುತ್ತೆ ಅಂತ ಅಂಚೆಗೆ ಹಾಕದೆ ಎತ್ತಿಟ್ಟೆ. ತಂಗಿಯ ಮುಖ ಬಿಳುಚಿಕೊಂಡಿತ್ತು.

"ಅಕ್ಕ, ನನ್ನ ಹಿಂದೆ ಯಾರೋ ನಿಂತ್ಕೋತಾರೆ. ತಿರುಗಿ ನೋಡಿದ್ರೆ ಇರಲ್ಲ. ಪಾತ್ರೆಯಲ್ಲಿ ಮಾತ್ರ ಇರ್ತಾನೆ."

"ಅಯ್ಯೋ, ಕಳ್ಳನಿಗೆ ಬೇರೆ ಕೆಲಸ ಇಲ್ವಾ, ನಿನ್ನ ತಪ್ಪಲೆಯೊಳಗೆ ಬಂದು ನಿಲ್ಲೋಕೆ?" ಅಂತ ನಕ್ಕೆ. ನಕ್ಕೆನೇ ಹೊರತು ಅವತ್ತೇ ಪೇಟೆಗೆ ಓಡಿದೆ. ಹಿತ್ತಲ ಬಾಗಿಲಿಗೆ ಹೊಸ ಬೀಗ ತಂದು ಹಾಕಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋದು ನನ್ನಂಥವರನ್ನ ನೋಡೇ ಇರಬೇಕು.

ಏಳನೆಯದು ಕೆಟಲು. ಎರಡು ಗೆರೆ ಎಳೆದು ಕೂತುಬಿಟ್ಟಳು. "ಅವನು ಹತ್ತಿರ ಬರ್ತಿದಾನೆ ಅಕ್ಕ. ನಂಗೆ ಭಯ ಆಗ್ತಿದೆ."

"ಬರ್ಲಿ, ನಾನೂ ನೋಡ್ತೀನಿ!" ಅಂತ ಬಾಗಿಲು ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು, ಕತ್ತರಿ ತೊಡೆ ಮೇಲೆ ಇಟ್ಟುಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತೆ. ಹಗಲು ಹನ್ನೊಂದು ಗಂಟೆ. ಪೆನ್ಸಿಲ್ಲಿನ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ.

"ಈಗ?" ಅಂದೆ.

"ಇದಾನೆ."

"ಎಲ್ಲಿ?"

"ನೀನು ಕೂತಿರೋ ಕಡೆ. ನೀನು ಕಾಣಿಸ್ತಿಲ್ಲ."

ಭಯ ಆದರೆ ನನಗೆ ಸಿಟ್ಟೇ ಬರೋದು. ಎದ್ದು ಹೋಗಿ ಅವಳ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ. "ನೋಡೇ ಇಲ್ಲಿ! ಕಣ್ಬಿಟ್ಟು ನೋಡು! ನಾನೊಬ್ಬಳೇ ಇರೋದು!"

ಅಭ್ಯಾಸಬಲ. ಎಡಗಣ್ಣು ಇನ್ನೂ ಮುಚ್ಚೇ ಇತ್ತು. ಬಲಗಣ್ಣಲ್ಲಿ ನನ್ನನ್ನ ನೋಡಿದಳು. ಪೆನ್ಸಿಲ್ ಕೆಳಗೆ ಬಿತ್ತು.

"ಅಕ್ಕಾ, ನಿನ್ನ ಮುಖ ಇಲ್ಲ."

ಬಲಗಣ್ಣಿನ ಹಿಂದೆ ರಕ್ತ ಸೋರಿದೆ ಅಂದರು ಕಣ್ಣಿನ ಡಾಕ್ಟರು. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೇ ಕಣ್ಣು ಕೆಟ್ಟದ್ದನ್ನ ಮುಚ್ಚಿ ಹಾಕುತ್ತಿತ್ತಂತೆ. ಗೆರೆಗಳು ಸೊಟ್ಟಗೆ ಕಾಣಲಿಲ್ವಾ ಅಂತ ಕೇಳಿದರು. "ಕೆಟಲಿನಲ್ಲಿ ಎಲ್ಲವೂ ಸೊಟ್ಟಗೇ ಕಾಣುತ್ತಲ್ಲ ಡಾಕ್ಟರೇ" ಅಂದಳು ತಂಗಿ.

ಅವರು ಚಿತ್ರಗಳನ್ನ ತರಿಸಿಕೊಂಡು, ಮೂಲೆಯ ತಾರೀಕು ನೋಡಿ ಸಾಲಾಗಿ ಇಟ್ಟರು. ನಾಲ್ಕು, ಐದು, ಆರು, ಏಳು. ಕಲೆ ದೊಡ್ಡದಾಗುತ್ತಾ ಹೋಗಿತ್ತು. "ಇದಕ್ಕೂ ಮುಂಚೆ ಇತ್ತಾ? ಆಗಲೇ ಬಂದಿದ್ರೆ ಕಣ್ಣಿಗೆ ಸೂಜಿ ಹಾಕಿ ಉಳಿಸಬಹುದಿತ್ತು. ಎಡಗಣ್ಣಿಗೂ ಬರಬಹುದು. ಚೂರು ಕಲೆ ಕಂಡರೂ ಅವತ್ತೇ ಬನ್ನಿ." ನಾನು ಚಿತ್ರಗಳನ್ನ ಒಂದೊಂದಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಕಲೆ ಬಿದ್ದ ನಾಲ್ಕನ್ನೂ ಉಳಿದ ಐದನ್ನೂ ಎಡಗಣ್ಣಲ್ಲೇ ಬರೆದು ಮುಗಿಸಿದಳು. ಕ್ಯಾಲೆಂಡರ್ ಅಚ್ಚಾಗಿ ಬಂದ ದಿನ ಮೊದಲ ಮೂರು ಹಾಳೆಯನ್ನ ತುಂಬ ಹೊತ್ತು ನೋಡಿದಳು. "ಚೆನ್ನಾಗಿ ಅಳಿಸಿದೀಯ ಅಕ್ಕ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಹೋದ ವಾರ ದಾರದ ಉಂಡೆ ತರೋಕೆ ಬೆಳಿಗ್ಗೆ ಎಂಟಕ್ಕೇ ಪೇಟೆಗೆ ಹೋದವಳು ಮಧ್ಯಾಹ್ನ ಬಂದೆ. ಹಿಂದಿನ ಕೋಣೆಯಲ್ಲಿ ತಂಗಿ ಕೂತಿದ್ದಳು, ಮೇಜಿನ ಮೇಲೆ ಹೊಸ ಚಿತ್ರ, ಅದೇ ಕೆಟಲು, ಅವತ್ತಿನ ತಾರೀಕು. ಪೆನ್ಸಿಲ್ಲುಗಳೆಲ್ಲ ಡಬ್ಬಿ ಸೇರಿದ್ದವು. ಕೆಟಲಿನ ಹೊಟ್ಟೆಯಲ್ಲಿ ಕಿಟಕಿ ಬೆಳ್ಳಗೆ ಹೊಳೆಯುತ್ತಿತ್ತು. ಬಾಗಿಲ ಹತ್ತಿರ ಉದ್ದಿನಕಾಳಿನಷ್ಟು ಬೂದು ಕಲೆ.

"ಇದ್ಯಾರೇ?" ಅಂದೆ.

ಅವಳು ತಲೆ ಎತ್ತಲಿಲ್ಲ. "ನೀನೇ ಅಕ್ಕ. ಬಾಗಿಲಲ್ಲಿ ನಿಂತಿದ್ಯಲ್ಲ, ಆಗ ಬರೆದೆ."

"ನಾನು ಮನೇಲೇ ಇರಲಿಲ್ಲ ಕಣೇ."

ಅವಳು ಮುಷ್ಟಿ ಬಿಚ್ಚಿದಳು. ಒಳಗೆ ರಬ್ಬರ್ ಇತ್ತು.

"ಕಣ್ಣಿಗೆ ಸೂಜಿ ಅಂದ್ರೆ ಭಯ ಅಕ್ಕ. ಅಳಿಸಿಬಿಡೋಣ ಅಂತಿದ್ದೆ, ನಿನ್ನ ಹಾಗೆ."

ರಬ್ಬರ್ ಕಿತ್ತುಕೊಂಡು ಕಿಟಕಿಯಾಚೆ ಬಿಸಾಡಿದೆ. ಚಿತ್ರವನ್ನ ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡೆ. "ಏಳು, ಚಪ್ಪಲಿ ಹಾಕ್ಕೋ. ಸೂಜಿ ಹಾಕುವಾಗ ನಾನು ಕೈ ಹಿಡ್ಕೋತೀನಿ, ಏಳೇ!" ಅಂತ ಕೂಗಿದೆ. ಅವಳನ್ನ ಎಳೆದುಕೊಂಡು ಬೀದಿಗೆ ಇಳಿದೆ. ಮನೆಗೆ ಬೀಗ ಹಾಕಿರಲಿಲ್ಲ ಅನ್ನೋದು ಆಸ್ಪತ್ರೆ ಮುಟ್ಟಿದ ಮೇಲೆ ನೆನಪಾಯಿತು.